ಡೆಲ್ಮಸ್ ಹೇಳಿದ ಜಾಗ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗ್ಗೆ ಒಂಬತ್ತೂವರೆಗೆ ಟೊಹೋಲಾ ಕೌಂಟಿಯ ಶೆರಿಫ್ ಠಾಣೆಗೆ ಇಬ್ಬರು ಒಟ್ಟಿಗೇ ಬಂದರು. ಒಬ್ಬ ಓಹಿಯೊದಿಂದ ಬಾಸ್ ಮೀನು ಹಿಡಿಯಲು ಬಂದ ಹಲ್ಲಿನ ಡಾಕ್ಟರು. ತನ್ನ ಗೈಡು ಹೇಳಿದ ಹೊತ್ತಿಗೆ ದೋಣಿಕಟ್ಟೆಗೆ ಬಂದೇ ಇಲ್ಲ ಎಂಬುದು ಅವನ ದೂರು. ಇನ್ನೊಬ್ಬಳು ಆ ಗೈಡಿನ ಹೆಂಡತಿ, ನೀಟಾ ಬ್ರಾನನ್. ಡಾಕ್ಟರು ಕೂಗಾಡುತ್ತಿದ್ದ, ನೀಟಾ ಸುಮ್ಮನೆ ನಿಂತಿದ್ದಳು. ಡಿಟೆಕ್ಟಿವ್ ವಿಲ್ಡಾ ಹಾರ್ನ್ ಮೊದಲು ಕುರ್ಚಿ ಎಳೆದುಕೊಟ್ಟದ್ದು ಸುಮ್ಮನೆ ನಿಂತವಳಿಗೆ.

"ಫೋನೂ ಎತ್ತಲ್ಲ ಅಂದ್ರೆ ಇದೆಂಥ ಗೈಡಮ್ಮ?" ಎಂದ ಡಾಕ್ಟರು.

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಎಂದಳು ನೀಟಾ, ಅವನ ಕಡೆ ತಿರುಗದೆ. "ವಿಲ್ಡಾ, ನಿನಗೆ ಗೊತ್ತಲ್ಲ ಹಾಯ್ಟ್ ಎಂಥೋನು ಅಂತ. ಮದುವೆ ದಿನ ನನ್ನನ್ನ ಚರ್ಚಿನ ಬಾಗಿಲಲ್ಲಿ ಕಾಯಿಸಿದ್ದ. ಗಿರಾಕೀನ ಮಾತ್ರ ಯಾವತ್ತೂ ಕಾಯಿಸಿಲ್ಲ."

"ಎಷ್ಟೊತ್ತಿಗೆ ಹೋದ್ರು ಆಂಟಿ?"

"ಐದಕ್ಕೆ. ಎರೆಮೀನು ಹಿಡಿಯೋಕೆ, ಒಬ್ಬನೇ."

"ಯಾವ ಕಡೆ?"

ನೀಟಾ ನಕ್ಕಳು, ಆದರೆ ಅದು ನಗುವಾಗಿರಲಿಲ್ಲ. "ಇಪ್ಪತ್ತಾರು ವರ್ಷ ಒಂದೇ ಹಾಸಿಗೇಲಿ ಮಲಗಿದೀವಿ. ಒಂದು ದಿನ ಮೀನು ಸಿಗೋ ಜಾಗ ಹೇಳಿದ್ನಾ ಮಹಾರಾಯ?"

ದೂರು ದಾಖಲಾಯಿತು. ಹನ್ನೊಂದರ ಹೊತ್ತಿಗೆ ಹಾಯ್ಟ್ ಬ್ರಾನನ್‌ನ ಕೆಂಪು ದೋಣಿ ಸರೋವರದ ಉತ್ತರ ದಡದ ಜೊಂಡಿನಲ್ಲಿ ಸಿಕ್ಕಿತು. ಒಳಗೆ ಯಾರೂ ಇರಲಿಲ್ಲ. ತೊಟ್ಟಿಯಲ್ಲಿ ಎರೆಮೀನುಗಳು ಇನ್ನೂ ಬದುಕಿ ಸುತ್ತುತ್ತಿದ್ದವು. ದೋಣಿಯ ಹಿಂಬದಿಯ ಎಡಮಗ್ಗುಲು ಒಡೆದು ಬಿರುಕು ಬಿಟ್ಟಿತ್ತು, ಎಂಜಿನ್ ಸೊಟ್ಟಗಾಗಿತ್ತು. ವಿಲ್ಡಾ ಮಹಜರು ಬರೆಸಿದಳು. ಜೊತೆಗಿದ್ದ ಡೆಪ್ಯುಟಿ ಕ್ರೆಸ್ಪೊ ಬಿರುಕನ್ನು ಬೆರಳಲ್ಲಿ ಸವರಿ ನೋಡಿದ.

"ನೀರಲ್ಲಿರೋ ಮೋಟುಮರಕ್ಕೆ ಬಡಿದಿರಬಹುದಾ ಮೇಡಂ?"

"ಮೋಟು ಬಂದು ಹಿಂದಿನಿಂದ ಗುದ್ದುತ್ತೇನಯ್ಯ? ಇನ್ನೊಂದು ದೋಣಿ ಗುದ್ದಿದೆ. ಬೆಳಗ್ಗೆ ಮಂಜಿತ್ತು. ಆ ಹೊತ್ತಲ್ಲಿ ಕೆರೆ ಮೇಲೆ ಯಾರ್ಯಾರಿದ್ರು, ಎಲ್ಲೆಲ್ಲಿದ್ರು ಅಂತ ಕೇಳೋಣ ನಡಿ."

ಗಾಳಿ ಬೆಳಗ್ಗೆಯಿಂದ ದಿಕ್ಕು ಬದಲಿಸುತ್ತಲೇ ಇತ್ತು. ದೋಣಿ ಎಲ್ಲಿಂದ ತೇಲಿ ಬಂತೋ ದೇವರೇ ಬಲ್ಲ. ಹಾಯ್ಟ್ ಎಲ್ಲೋ ಒಂದು ಕಡೆ ಜೊಂಡು ಹಿಡಿದುಕೊಂಡು ಬದುಕಿರಬಹುದು. ಆದರೆ ಮಾರ್ಚಿನ ನೀರು ಬಿಸಿಲಲ್ಲಿ ಹಿತವೆನಿಸಿದರೂ ರಾತ್ರಿಯಿಡೀ ಅದರಲ್ಲಿರುವವನನ್ನು ಬಿಡುವುದಿಲ್ಲ. ಕತ್ತಲಾಗುವುದರೊಳಗೆ ಅವನು ಸಿಗಬೇಕಿತ್ತು.

ಎರೆ ಮಾರುವ ಅಂಗಡಿಯ ಮುಂದೆ ಗೈಡುಗಳೆಲ್ಲ ಸೇರಿದ್ದರು. ಗಿರಾಕಿಗಳನ್ನು ವಾಪಸು ಕಳಿಸಿ, ಹುಡುಕಲು ದೋಣಿ ಸಿದ್ಧಮಾಡಿಕೊಂಡೇ ಬಂದಿದ್ದರು. ಅದರಲ್ಲಿ ಯಾರದೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಬೆಳಗ್ಗೆ ಎಲ್ಲಿದ್ದಿರಿ ಎಂದು ಕ್ರೆಸ್ಪೊ ಕೇಳಿದ್ದೇ ತಡ, ಒಬ್ಬ ಕಾಲುವೆಯ ಬಾಯಲ್ಲಿದ್ದೆ ಎಂದ. ಇನ್ನೊಬ್ಬನೂ ಕಾಲುವೆಯ ಬಾಯಲ್ಲೇ ಇದ್ದ. ಮೂರನೆಯವನು, ನಾಲ್ಕನೆಯವನು, ಎಲ್ಲರೂ ಅಲ್ಲೇ. ಕ್ರೆಸ್ಪೊ ಶ್ರದ್ಧೆಯಿಂದ ಬರೆದುಕೊಂಡ. ಅವನು ಮಯಾಮಿಯ ಹುಡುಗ, ಈ ಊರಿಗೆ ಬಂದು ಆರು ತಿಂಗಳಾಗಿತ್ತು.

"ಮೇಡಂ, ಇಷ್ಟು ದೋಣಿ ಒಟ್ಟಿಗಿದ್ವು ಅಂದ್ರೆ ಒಬ್ಬರಿಗೊಬ್ಬರು ಸಾಕ್ಷಿ."

"ಅಷ್ಟೂ ಸುಳ್ಳು. ಕಾಲುವೆ ಬಾಯಲ್ಲಿ ಹತ್ತು ವರ್ಷದಿಂದ ಒಂದು ಮೀನು ಕಚ್ಚಿಲ್ಲ."

"ಹಾಗಾದ್ರೆ ಒದ್ದು ಒಳಗೆ ಹಾಕೋಣ!"

"ಯಾರನ್ನ? ಗೈಡು ತನ್ನ ಜಾಗ ಹೇಳಲ್ಲ ಕಣಪ್ಪ. ಅದೇ ಅವನ ಹೊಲ, ಅದೇ ಅವನ ಮನೆ. ಇವರಲ್ಲಿ ಒಬ್ಬ ತಪ್ಪು ಮುಚ್ಚೋಕೆ ಸುಳ್ಳು ಹೇಳ್ತಿದಾನೆ, ಉಳಿದವರು ಜಾಗ ಮುಚ್ಚೋಕೆ. ಬೇರೆ ಮಾಡೋದು ಹೇಗೆ ಹೇಳು."

ಕಟ್ಟೆಯಲ್ಲಿದ್ದ ದೋಣಿಗಳನ್ನೆಲ್ಲ ಸುತ್ತಿ ನೋಡಿದರು. ಗೀರಿಲ್ಲದ ದೋಣಿ ಒಂದೂ ಇರಲಿಲ್ಲ, ಆದರೆ ಹೊಸ ಬಿರುಕೂ ಇರಲಿಲ್ಲ. ಡೆಲ್ಮಸ್ ಪರ್ವಿಸ್‌ನ ದೋಣಿ ಮಾತ್ರ ಕಟ್ಟೆಯಲ್ಲಿರಲಿಲ್ಲ. ಅವನು ಆಗಲೇ ಹುಡುಕುತ್ತಿದ್ದ.

ಡೆಲ್ಮಸ್ ಪರ್ವಿಸ್ ಎಂದರೆ ಆ ಸರೋವರದ ಕಣ್ಣು. ಮೊಟ್ಟೆಯಿಡಲು ದಡಕ್ಕೆ ಬಂದ ಬಾಸ್ ಮೀನನ್ನು ಕಲಕಿದ ನೀರಿನಲ್ಲೂ ದೂರದಿಂದಲೇ ಗುರುತಿಸಿ, "ಅಗೋ, ಹೆಣ್ಣು, ಬಾಲ ಎಡಕ್ಕಿದೆ" ಎನ್ನುತ್ತಿದ್ದ. ಇದನ್ನು ನೋಡಲೆಂದೇ ಜನ ದೂರದೂರಿಂದ ಬರುತ್ತಿದ್ದರು. ವಿಲ್ಡಾಳ ಅಪ್ಪ ತೀರಿಕೊಂಡ ವರ್ಷ ಅವಳನ್ನು ಪ್ರತಿ ಶನಿವಾರ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ನೀರಿನೊಳಗೆ ಹೇಗೆ ನೋಡಬೇಕೆಂದು ಕಲಿಸಿದವನೂ ಅವನೇ. ಹಾಯ್ಟ್‌ನ ಅತಿ ಹಳೆಯ ಗೆಳೆಯ.

ಮಧ್ಯಾಹ್ನ ಅವನು ಪೆಟ್ರೋಲಿಗೆಂದು ಅಂಗಡಿಯ ಹಿಂದಿನ ಕಾಲುವೆಗೆ ಬಂದ. ದೋಣಿಯ ಮೂತಿಯನ್ನು ಜೊಂಡಿಗೆ ತೂರಿಸಿ ನಿಲ್ಲಿಸಿದ್ದ. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಡೆಲ್ಮಸ್ ಅಂಕಲ್," ಎಂದಳು ವಿಲ್ಡಾ.

"ಬಾ ಮಗಳೇ." ಅವನು ಫ್ಲಾಸ್ಕ್ ತೆಗೆದು ಅವಳಿಗೆ ಕಾಫಿ ಬಗ್ಗಿಸಿದ. ಬಗ್ಗಿಸುವಾಗ ಬೆರಳನ್ನು ಲೋಟದೊಳಗೆ ಇಳಿಬಿಟ್ಟುಕೊಂಡಿದ್ದ. ಸುಡುಕಾಫಿ ಬೆರಳಿಗೆ ತಗಲಿದ ಮೇಲೇ ನಿಲ್ಲಿಸಿದ. ವಯಸ್ಸಾಯಿತು ಪಾಪ, ಕೈ ನಡುಗುತ್ತಿರಬೇಕು ಅಂದುಕೊಂಡಳು ವಿಲ್ಡಾ.

"ಬೆಳಗ್ಗೆ ಎಲ್ಲಿದ್ರಿ? ಕಾಲುವೆ ಬಾಯಿ ಅಂದ್ರೆ ಅತ್ತುಬಿಡ್ತೀನಿ."

"ದಕ್ಷಿಣದ ಕೊಲ್ಲಿ," ಎಂದ ಅವನು. "ಹಳೇ ಪಂಪ್‌ಹೌಸಿಂದ ನೇರ ಒಳಗೆ ಹೋಗು. ಅರ್ಧ ಮುಳುಗಿದ ಮೂರು ಸೈಪ್ರೆಸ್ ಮರ ಸಿಗ್ತವೆ. ಮೂರನೇದರ ಬುಡದಲ್ಲಿ ನೈದಿಲೆ ಕೆಳಗೆ ಒಂದು ಗುಂಡಿ. ದೊಡ್ಡ ದೊಡ್ಡ ಮೀನೆಲ್ಲ ಅಲ್ಲೇ. ಅದೇ ನನ್ನ ಜಾಗ. ಬೆಳಕು ಹರಿದಾಗಿಂದ ಆ ಕಡೆಯೆಲ್ಲ ಹುಡುಕಿದೆ ವಿಲ್ಡಾ. ಏನೂ ಕಾಣಲಿಲ್ಲ. ಬರ್ಕೊ."

ಇಡೀ ಸರೋವರದಲ್ಲಿ ಒಬ್ಬನಾದರೂ ಗೆಳೆಯನಿಗಾಗಿ ತನ್ನ ಜಾಗ ಬಿಟ್ಟುಕೊಟ್ಟನಲ್ಲ! ವಿಲ್ಡಾ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಳು.

"ಬರ್ಕೊಳ್ಳಲ್ಲ ಅಂಕಲ್. ಇದು ನನ್ನ ಹೊಟ್ಟೇಲೇ ಇರುತ್ತೆ. ಒಬ್ಬರಿಗೂ ಹೇಳಲ್ಲ."

ಡೆಲ್ಮಸ್ ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಪೆಟ್ರೋಲ್ ತುಂಬಿಸಿಕೊಂಡು ಮತ್ತೆ ದಕ್ಷಿಣಕ್ಕೇ ಹೋದ.

ಡೆಲ್ಮಸ್ ನೋಡಿದ ಕಡೆ ಇನ್ನೊಬ್ಬರು ನೋಡುವುದೇನಿದೆ? ವಿಲ್ಡಾ ಅಷ್ಟೂ ದೋಣಿಗಳನ್ನು ಉತ್ತರಕ್ಕೂ ಪೂರ್ವಕ್ಕೂ ಹಂಚಿದಳು. ಪಕ್ಕದ ಕೌಂಟಿಯಿಂದ ಬಂದ ಹೆಲಿಕಾಪ್ಟರು ಉತ್ತರದಲ್ಲಿ ಎರಡು ಸುತ್ತು ಹಾಕುವಷ್ಟರಲ್ಲಿ ಗಾಳಿ ಜೋರಾಗಿ ವಾಪಸು ಹೋಯಿತು. ಸಂಜೆಗೆ ಅಲೆಗಳೆದ್ದವು. ಒಂದೊಂದೇ ದೋಣಿ ಖಾಲಿ ಬಂತು. ಕಟ್ಟೆಯ ಮೇಲೆ ನೀಟಾ ಗಂಡನ ದಪ್ಪ ಜಾಕೆಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರು ಏಳು ಎಂದರೂ ಏಳಲಿಲ್ಲ.

ಬುಧವಾರ ಬೆಳಗ್ಗೆ ಎಂಟಕ್ಕೆ ವಿಲ್ಡಾ ಬಂದಾಗಲೂ ಅವಳು ಅಲ್ಲೇ ಇದ್ದಳು.

"ಇವತ್ತೆಲ್ಲಿ ಹುಡುಕ್ತೀರಿ?"

"ಪೂರ್ವ ಮುಗಿಸ್ತೀವಿ ಆಂಟಿ."

"ದಕ್ಷಿಣ?"

"ಅದು ಡೆಲ್ಮಸ್ ಅಂಕಲ್ ನೋಡಿದಾರೆ. ನಿನ್ನೆ ಅಲ್ಲೇ ಇದ್ರಂತೆ. ತಮ್ಮ ಜಾಗ ಸಮೇತ ಹೇಳಿದ್ರು."

ನೀಟಾ ತಲೆಯೆತ್ತಿದಳು. "ಏನು ಹೇಳಿದ?"

"ಅವರ ಜಾಗ."

"ಡೆಲ್ಮಸ್? ತನ್ನ ಜಾಗ? ಹಾಯ್ಟ್‌ಗೇ ಹೇಳಿಲ್ವಲ್ಲೇ ಅವನು! ಇವನು ಕುಡಿಸಿ ಕೇಳಿದ, ಕಾಲು ಹಿಡಿದು ಕೇಳಿದ. ಸಾಯೋವಾಗ ಹೇಳ್ತೀನಿ ಅಂತಿದ್ದ." ಅವಳ ದನಿ ಸಣ್ಣಗಾಯಿತು. "ಜಾಗ ಹೇಳಿದ ಅಂದ್ರೆ ಅವನು ಇನ್ನು ಮೀನು ಹಿಡಿಯಲ್ಲ ಅಂತ ಅರ್ಥ. ಯಾಕೆ ಹಿಡಿಯಲ್ಲ, ವಿಲ್ಡಾ?"

ವಿಲ್ಡಾ ಡೆಲ್ಮಸ್‌ನ ಮಾತನ್ನು ಮತ್ತೆ ನೆನೆದಳು. ಬೆಳಕು ಹರಿದಾಗಿಂದ ಹುಡುಕಿದೆ ಎಂದಿದ್ದ. ದೂರು ಬಂದದ್ದೇ ಒಂಬತ್ತೂವರೆಗೆ. ಹಾಯ್ಟ್ ಕಾಣೆಯಾದದ್ದು ಹೆಂಡತಿಗೇ ಗೊತ್ತಿರದ ಹೊತ್ತಿನಲ್ಲಿ ಅವನು ಯಾರನ್ನು ಹುಡುಕುತ್ತಿದ್ದ? ಇಷ್ಟು ಸಣ್ಣ ವಿಷಯ ತನಗೇಕೆ ಹೊಳೆಯಲಿಲ್ಲ? ಬೇರೆ ಯಾವ ಗೈಡು ಹೇಳಿದ್ದರೂ ಆಗಲೇ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದಳು.

"ಕ್ರೆಸ್ಪೊ, ದೋಣಿ ತೆಗಿ!"

ಪಂಪ್‌ಹೌಸಿನಿಂದ ಒಳಗೆ ದೋಣಿದಾರಿ ಜೊಂಡಿನ ನಡುವೆ ಕಿರಿದಾಗಿ ಸಾಗಿತ್ತು. ಮೂರನೆಯ ಸೈಪ್ರೆಸ್ ಇನ್ನೂ ದೂರವಿರುವಾಗಲೇ ಕ್ರೆಸ್ಪೊ ಕೈ ಚಾಚಿದ.

"ಮೇಡಂ, ಅಲ್ಲೇನೋ ಬಿಳೀದು."

ಅದು ಅಂಗಿ. ಗೈಡುಗಳು ಬಿಸಿಲಿಗೆ ತೊಡುವ ಉದ್ದ ತೋಳಿನ ಬಿಳಿ ಅಂಗಿ. ಜೊಂಡಿನ ಕಡ್ಡಿಗಳನ್ನು ಕಟ್ಟಾಗಿ ಹಿಡಿದು, ಅದರ ತುದಿಗೆ ತೋಳುಗಳಿಂದ ಗಂಟು ಹಾಕಲಾಗಿತ್ತು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಬುಡದಲ್ಲಿ, ತೇಲುವ ಜೊಂಡಿನ ದಿಬ್ಬದ ಮೇಲೆ ಅರ್ಧ ಮೈ ಎಳೆದುಕೊಂಡು ಹಾಯ್ಟ್ ಬ್ರಾನನ್ ಮಲಗಿದ್ದ. ಪಕ್ಕೆಲುಬು ಮುರಿದಿದ್ದವು, ಒಂದು ತೊಡೆಯೂ ಮುರಿದಿತ್ತು. ವಿಲ್ಡಾ ಅವನ ಕತ್ತಿಗೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಮೇಡಂ," ಎಂದ ಕ್ರೆಸ್ಪೊ ಮೆಲ್ಲಗೆ. "ಸಾಕು ಬಿಡಿ."

ಶವಪರೀಕ್ಷೆಯ ವೈದ್ಯರು ಸ್ಥಳಕ್ಕೇ ಬಂದರು. ಪೆಟ್ಟಿನಿಂದ ತಕ್ಷಣ ಸತ್ತದ್ದಲ್ಲ, ಇಂದು ನಸುಕಿನವರೆಗೆ ಜೀವವಿದ್ದಿರಬೇಕು, ಚಳಿಯೇ ಮುಗಿಸಿದೆ ಎಂದರು. ಮುರಿದ ಎದೆಯಲ್ಲಿ ಕೂಗುವ ಶಕ್ತಿ ಇರುವುದಿಲ್ಲ, ಅದಕ್ಕೇ ಅಂಗಿ ಕಟ್ಟಿದ್ದಾನೆ ಎಂದೂ ಹೇಳಿದರು. ಕ್ರೆಸ್ಪೊ ಟೇಪು ಹಿಡಿದು ದೋಣಿದಾರಿಯಿಂದ ಅಂಗಿಯವರೆಗಿನ ದೂರ ಅಳೆದ. ವಿಲ್ಡಾ ಬರೆದುಕೊಂಡಳು.

ಈ ದಾರಿಯಲ್ಲಿ ಡೆಲ್ಮಸ್ ನಿನ್ನೆಯಿಡೀ ಓಡಾಡಿದ್ದ. ಕಂಡೂ ಬಿಟ್ಟು ಹೋದನೇ? ಹಾಗಾದರೆ ಅವನು ಮನುಷ್ಯನೇ ಅಲ್ಲ. ಆಗ ಅವಳಿಗೆ ಲೋಟದೊಳಗಿನ ಬೆರಳು ನೆನಪಾಯಿತು. ಈ ವರ್ಷದ ಗಿರಾಕಿಗಳು ಹೊಗಳಿಕೊಂಡು ಹೋಗುತ್ತಿದ್ದ ಮಾತೂ ನೆನಪಾಯಿತು: ಕ್ಯಾಪ್ಟನ್ ಡೆಲ್ಮಸ್ ಈಗ ತಾವೇ ಮೀನು ತೋರಿಸುವುದಿಲ್ಲ, ಎಲ್ಲಿದೆ ನೀನೇ ಹೇಳು ಎನ್ನುತ್ತಾರೆ, ಎಂಥ ಒಳ್ಳೆ ಮೇಷ್ಟ್ರು!

ಡೆಲ್ಮಸ್ ಕಾಲುವೆಯ ಅಂಚಿನಲ್ಲಿ ಪೆಟ್ರೋಲ್ ಡಬ್ಬ ಎತ್ತಿಡುತ್ತಿದ್ದ. ಇವತ್ತೂ ಹುಡುಕಲು ಹೊರಟಿದ್ದ. ವಿಲ್ಡಾ ಏನೂ ಮಾತಾಡದೆ ಅವನೆದುರು ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಅವಳ ಕೈಯಲ್ಲಿ ಪಾರದರ್ಶಕ ಚೀಲ, ಒಳಗೆ ಆ ಬಿಳಿ ಅಂಗಿ.

"ಯಾರದು?" ಎಂದ ಡೆಲ್ಮಸ್.

"ನಾನು, ವಿಲ್ಡಾ. ಅಂಕಲ್, ನನ್ನ ಕೈಯಲ್ಲೇನಿದೆ ಹೇಳಿ."

ಅವನು ತಲೆಯನ್ನು ಒಂದು ಮಗ್ಗುಲಿಗೆ ಓರೆ ಮಾಡಿದ, ಮತ್ತೊಂದು ಮಗ್ಗುಲಿಗೆ ಮಾಡಿದ. ಆಮೇಲೆ ಡಬ್ಬ ಕೆಳಗಿಟ್ಟು ದೋಣಿಯ ಅಂಚಿನ ಮೇಲೆ ಕೂತುಬಿಟ್ಟ.

"ಯಾವಾಗಿಂದ?"

"ಅಕ್ಟೋಬರಿಂದ. ನಡುವೆ ಏನೂ ಕಾಣಲ್ಲ. ಸುತ್ತ ಒಂದಿಷ್ಟು ಕಾಣುತ್ತೆ. ಡಾಕ್ಟರು ವಾಸಿಯಾಗಲ್ಲ ಅಂದ್ರು."

ಕ್ರೆಸ್ಪೊ ದೋಣಿಯನ್ನು ಜೊಂಡಿನಿಂದ ಹಿಂದಕ್ಕೆ ಎಳೆದ. ಮೂತಿ ಒಡೆದಿತ್ತು. ಒಡಕಿನಲ್ಲಿ ಹಾಯ್ಟ್‌ನ ದೋಣಿಯ ಕೆಂಪು ಬಣ್ಣ ಮೆತ್ತಿಕೊಂಡಿತ್ತು.

"ಏನಾಯ್ತು ಹೇಳಿ."

"ಮಂಜಿತ್ತು. ನನಗೆ ಮಂಜೇನು, ದಿನಾ ಮಂಜೇ. ದಾರಿ ಬಾಯಿಪಾಠ, ಜೋರಾಗೇ ಬಂದೆ. ಬಡೀತು. ಅವನು ನನ್ನ ಹೆಸರು ಕೂಗಿದ, ವಿಲ್ಡಾ. ಒಂದೇ ಸಲ. ಆಮೇಲೆ ಎಷ್ಟು ಕರೆದ್ರೂ ಓಗೊಡಲಿಲ್ಲ."

"ಫೋನ್ ಇತ್ತಲ್ಲ! ಒಂದು ಫೋನ್ ಮಾಡಿದ್ರೆ—" ವಿಲ್ಡಾಳ ದನಿ ಒಡೆಯಿತು.

"ಪಕ್ಕದಲ್ಲೇ ಬಿದ್ದೋನು ಕಾಣಲಿಲ್ವೇನೋ ಅಂತ ಕೇಳ್ತಿದ್ರಲ್ಲ. ನಾನೇ ಹುಡುಕ್ತೀನಿ, ಸಿಗ್ತಾನೆ, ಆಮೇಲೆ ಹೇಳೋಣ ಅಂದ್ಕೊಂಡೆ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಹೊತ್ತೇ ಹೋಯ್ತು."

"ನನಗೆ ಸುಳ್ಳು ಹೇಳಿದ್ರಿ."

"ಹೇಳಿಲ್ಲ ಮಗಳೇ. ಹುಡುಕಿದೆ, ಕಾಣಲಿಲ್ಲ ಅಂದೆ. ಕಾಣಲಿಲ್ಲ."

"ಜಾಗ ಯಾಕೆ ಹೇಳಿದ್ರಿ ಮತ್ತೆ?"

ಡೆಲ್ಮಸ್ ಮುಖ ಒರೆಸಿಕೊಂಡ. "ನೀನು ಎಲ್ಲರಿಗೂ ಹೇಳ್ತೀಯ ಅಂತ. ಡೆಲ್ಮಸನ ಜಾಗ ಅಂದ್ರೆ ಬಿಡ್ತಾರಾ? ಹುಡುಕೋ ನೆಪದಲ್ಲಿ ಅಷ್ಟೂ ದೋಣಿ ಅಲ್ಲಿಗೆ ನುಗ್ತವೆ, ಕಣ್ಣಿರೋನು ಯಾವನಾದ್ರೂ ನೋಡ್ತಾನೆ, ನಾನು ಬಾಯಿ ಬಿಡೋದೇ ಬೇಡ ಅಂದ್ಕೊಂಡೆ. ನೀನು ಬರ್ಕೊಳ್ಳಲೇ ಇಲ್ಲ."

ಕ್ರೆಸ್ಪೊ ಮುಂದೆ ಬಂದು ಬಂಧಿತನ ಹಕ್ಕುಗಳನ್ನು ಓದಿ ಹೇಳಿ ಕೈಗೆ ಬೇಡಿ ತೊಡಿಸಿದ. ಕಾರಿನ ಬಾಗಿಲ ಹತ್ತಿರ ಡೆಲ್ಮಸ್ ನಿಂತ.

"ನಿನ್ನ ಕೈಯಲ್ಲಿ ಏನಿತ್ತು?"

"ಹಾಯ್ಟ್ ಅಂಕಲ್ ಅಂಗಿ. ಜೊಂಡಿಗೆ ಕಟ್ಟಿದ್ರು, ಬಾವುಟದ ಹಾಗೆ. ಬಿಳೀದು."

"ದಾರಿಯಿಂದ ಎಷ್ಟು ದೂರ?"

ಸುಳ್ಳು ಹೇಳಬಹುದಿತ್ತು. ಕಟ್ಟೆಯ ಮೇಲೆ ನೀಟಾ ಜಾಕೆಟ್ಟು ಹಿಡಿದು ಕೂತಿರುವುದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು.

"ನೀವು ಗಾಳ ಎಸೆದಿದ್ರೆ ತಲುಪ್ತಿತ್ತು," ಎಂದಳು.

ಡೆಲ್ಮಸ್ ಬಾಗಿಲ ಹಿಡಿಗಾಗಿ ಗಾಳಿಯಲ್ಲಿ ಕೈಯಾಡಿಸಿದ. ಸಿಗಲಿಲ್ಲ. ಕ್ರೆಸ್ಪೊ ಅವನ ತಲೆ ಬಗ್ಗಿಸಿ ಒಳಗೆ ಕೂರಿಸಿದ.

ವರದಿಯಲ್ಲಿ ವಿಲ್ಡಾ ಎಲ್ಲವನ್ನೂ ಬರೆದಳು. ದೃಷ್ಟಿ ಹೋದದ್ದನ್ನು ಒಪ್ಪಿಕೊಳ್ಳಲಾರದೆ ಆರೋಪಿ ಅಪಘಾತವನ್ನು ಮುಚ್ಚಿಟ್ಟನೆಂದು ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಸದರಿ ಸ್ಥಳ ಮಂಗಳವಾರ ಮಧ್ಯಾಹ್ನವೇ ತನಿಖಾಧಿಕಾರಿಗೆ ತಿಳಿದಿತ್ತು, ಹುಡುಕುವವರಿಗೆ ತಿಳಿಸಲಿಲ್ಲ. ಸಹಿ ಹಾಕಿ ಮೇಲಧಿಕಾರಿಯ ಮೇಜಿನ ಮೇಲಿಟ್ಟಳು.

ಸ್ಥಳದ ಮಹಜರಿನ ವಿವರ ಶುಕ್ರವಾರದ ಪತ್ರಿಕೆಯಲ್ಲಿ ಬಂತು. ಶನಿವಾರ ಬೆಳಗ್ಗೆ ಇನ್ನೊಂದು ಫೋಟೊ ಬೇಕೆಂದು ವಿಲ್ಡಾ ಮತ್ತು ಕ್ರೆಸ್ಪೊ ದಕ್ಷಿಣದ ಕೊಲ್ಲಿಗೆ ಹೋದರು. ಪಂಪ್‌ಹೌಸ್ ದಾಟುತ್ತಿದ್ದಂತೆ ಕ್ರೆಸ್ಪೊ ಎಂಜಿನ್ ನಿಲ್ಲಿಸಿದ. ಮೂರನೆಯ ಸೈಪ್ರೆಸ್ ಮರದ ಸುತ್ತ ಊರಿನ ಅಷ್ಟೂ ಗೈಡುಗಳು ಗಿರಾಕಿಗಳನ್ನು ಕೂರಿಸಿಕೊಂಡು, ದೋಣಿಗೆ ದೋಣಿ ತಾಗುವಂತೆ ಸೇರಿ ಗಾಳ ಬಿಟ್ಟಿದ್ದರು.