ಹಗಲಲ್ಲೇ ಹತ್ತುವ ದೀಪ

"ಮನೀಗೆ ಮತ್ತ ಮತ್ತ ಬರಾಕ ನೆಪ ಬೇಕಂತ ಸೆನ್ಸರ್ ಕೆಡಿಸಿಟ್ಟು ಹೋಗ್ತೀರೇನ್ರಿ?"

ಅಂದ ಮೇಲೆ ರಾಜಶ್ರೀಗೇ ಗಾಬರಿಯಾಯಿತು. ಹಿರೇಕೆರೂರಿನ ಆ ಪುಟ್ಟ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳು ಬಾಯಿ ತೆರೆದು ನಿಂತಿದ್ದರು. ಅಂಗಡಿಯ ಕೊಟ್ರೇಶನ ಮುಖ ಕೆಂಪೇರಿತು.

ರಾಜಶ್ರೀ ಮಾಸೂರಿನ ಶಾಲೆಯಲ್ಲಿ ಟೀಚರು. ಹಿರೇಕೆರೂರಿನಲ್ಲೇ ಇದ್ದ ಅವಳ ಮನೆಯ ಗೇಟಿಗೆ ಕೊಟ್ರೇಶ ಹಾಕಿಕೊಟ್ಟ ಸೆನ್ಸರ್ ದೀಪ ಕತ್ತಲಾದರೆ ತಾನೇ ಹತ್ತಬೇಕು, ಬೆಳಕಾದರೆ ತಾನೇ ಆರಬೇಕು. ಆದರೆ ದಿನಾ ಐದು ಗಂಟೆಗೆ ಬಸ್ಸಿಳಿದು ಬಂದರೆ ಬಿಸಿಲಲ್ಲೇ ಉರಿಯುತ್ತಿರುತ್ತಿತ್ತು! "ಟೀಚರ್ ಸೂರ್ಯಾಗ ದಾರಿ ತೋರಸಾಕತ್ತಾರ" ಎಂದು ಓಣಿಯವರೆಲ್ಲ ನಗುತ್ತಿದ್ದರು. ಮೂರು ರವಿವಾರ ಕೊಟ್ರೇಶ ಬಂದು ನೋಡಿದ. ಮೂರು ಸಲವೂ ಅವನ ಮುಂದೆ ಎಲ್ಲ ಸರಿಯಾಗಿಯೇ ಇತ್ತು.

ಮೂರು ಸಲವೂ ಅವನು ಬರುವ ಮುಂಚೆ ಇವಳು ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಿದ್ದಳು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ!

ಇವತ್ತು ಸ್ಟಾಫ್ ರೂಮಿನಲ್ಲಿ ಗೆಳತಿ ತನುಜಾ "ಅಂವಾ ಬೇಕಂತನ ಕೆಡಸ್ತಾನ ನೋಡು" ಎಂದು ಚೇಷ್ಟೆ ಮಾಡಿದ್ದೇ ತಲೆಗೇರಿತ್ತು.

"ರವಿವಾರ ಬಂದು ಎಲ್ಲಾ ಕಿತ್ತು ತಗೋತೇನ್ರಿ," ಎಂದ ಕೊಟ್ರೇಶ, ತಣ್ಣಗೆ. "ಆಮ್ಯಾಲೆ ನಿಮ್ಮ ಓಣ್ಯಾಗ ಕಾಲಿಡೂದಿಲ್ಲ."

'ಅಯ್ಯೋ... ಇನ್ನು ಬರೂದ ಇಲ್ಲೇನು?' ಮನೆ ಮುಟ್ಟುವವರೆಗೂ ಅವಳಿಗೆ ಅದೇ ಸಂಕಟ.

ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಗೋಡೆಯ ಸಂದಿಯಲ್ಲಿದ್ದ ಪುಟ್ಟ ಸೆನ್ಸರಿಗೆ ಗುಲಾಬಿ ಬಣ್ಣದ ಉಲ್ಲನ್ ಟೊಪಗಿ!

"ಅವ್ವಾ! ಏನಿದು?"

"ನಾನ ಹೆಣದೇನಿ," ಎಂದಳು ಸುಶೀಲವ್ವ ಹೆಮ್ಮೆಯಿಂದ. "ಅಷ್ಟು ನಾಜೂಕ ಸಾಮಾನ, ಬಿಸಲಿಗೆ ಧೂಳಿಗೆ ಹಾಳಾಗಬಾರ್ದಲ್ಲ. ಫ್ರಿಜ್ಜಿಗೆ, ಮಿಕ್ಸಿಗೆ ಕವರ್ ಹಾಕಿಲ್ಲೇನು?"

"ಕೊಟ್ರೇಶ ಅವರು ಬಂದಾಗ ಇರಲಿಲ್ಲಲ್ಲ!"

"ಮಂದಿ ಬಂದಾಗ ಕವರ್ ತಗೀಬೇಕಲ್ಲವ್ವ. ಸಂಜೀಕೂ ತಗೀತೇನಿ, ಪಾಪ ಅದಕ್ಕೂ ಗಾಳಿ ಬೇಕು."

ರಾಜಶ್ರೀಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಛೇ, ಎಂಥಾ ಮಾತಾಡಿಬಿಟ್ಟೆ! ಟೊಪಗಿ ಕಿತ್ತುಕೊಂಡು ಚಪ್ಪಲಿ ಸಿಕ್ಕಿಸಿಕೊಂಡು ಅಂಗಡಿಗೆ ಓಡಿದಳು.

ಗಿರಾಕಿಗಳು ಇನ್ನೂ ಅಲ್ಲೇ ಇದ್ದರು. ಇರಲಿ! ಎಲ್ಲರ ಮುಂದೆ ಅಂದದ್ದು, ಎಲ್ಲರ ಮುಂದೆಯೇ ತೊಳೆಯಬೇಕು.

"ತಪ್ಪು ಇವರದಲ್ರಿ, ನಂದು. ನಮ್ಮವ್ವ ಸೆನ್ಸರಿಗೆ ಟೊಪಗಿ ಹಾಕಿದ್ಲು..." ಟೊಪಗಿಯನ್ನು ಕೊಟ್ರೇಶನ ಕೈಗಿಟ್ಟಳು. "ನಾ ಆಡಿದ್ದು ಭಾಳ ತಪ್ಪಾತು. ಸಿಟ್ಟು ಬಿಡ್ರಿ."

ಕೊಟ್ರೇಶ ಟೊಪಗಿಯನ್ನು ತಿರುವಿ ತಿರುವಿ ನೋಡಿದ. ತುಟಿ ಬಿಗಿಹಿಡಿದ. ಆಗಲಿಲ್ಲ, ನಕ್ಕುಬಿಟ್ಟ! "ಹಂಗಾದ್ರ ದಿನಾ ಮಧ್ಯಾಹ್ನ ಅದಕ್ಕ ಅಮಾಸಿ ಆಗಿತ್ತು ಅನ್ರಿ!"

ಗಿರಾಕಿಗಳೂ ನಗುತ್ತ ಹೊರಟರು.

"ಟೈಮರ್ ಹಾಕಿದ್ರ ಇಷ್ಟು ತ್ರಾಸ ಇರ್ತಿರಲಿಲ್ಲ," ಎಂದಳು ಮೆಲ್ಲಗೆ.

"ಟೈಮರ್ ಆರೂವರಿ ಅಂದ್ರ ಆರೂವರಿಗೇ ಹತ್ತತೈತ್ರಿ. ಒಂದೊಂದ ದಿನ ಮೋಡ ಕವದು ಲಗೂನ ಕತ್ತಲಾಗತೈತಿ..." ಅವನು ತಲೆ ತಗ್ಗಿಸಿದ. "ಬಸ್ ಇಳದು ಕತ್ತಲ್ಯಾಗ ನೀವೊಬ್ಬರ ಬರೂದು ನನಗ ಸಮಾಧಾನ ಇಲ್ರಿ. ಅದಕ್ಕ ಸೆನ್ಸರ್ ಹಾಕಿದ್ದೆ."

ರಾಜಶ್ರೀಯ ಎದೆ ಡವಡವ ಹೊಡೆದುಕೊಂಡಿತು. 'ಇದೊಂದ ಮಾತು ಮೊದಲ ಹೇಳಬಾರ್ದಿತ್ತೇನು, ಪುಣ್ಯಾತ್ಮಾ!'

"ರವಿವಾರ ಕೀಳಾಕ ಬರಬ್ಯಾಡ್ರಿ."

ಅವನ ಮುಖ ಸಣ್ಣದಾಯಿತು. "ಬರೂದ ಬ್ಯಾಡೇನ್ರಿ?"

"ಬರ್ರಿ... ನಿಮ್ಮ ಅವ್ವನ್ನ ಕರ್ಕೊಂಡು ಬರ್ರಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಿವಿಯವರೆಗೂ ನಕ್ಕ.

"ಅವ್ವಗ ಏನಂತ ಹೇಳಲ್ರಿ? ಏನು ರಿಪೇರಿ ಐತಂತ?"

"ರಿಪೇರಿ ಏನೂ ಇಲ್ಲ ಅನ್ರಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅವಳು ನಾಚಿದಳು. "ಹುಡುಗಿ ಒಪ್ಪ್ಯಾಳ ಅಂತ ಹೇಳ್ರಿ..."