ಎಣಿಸಿದಳು, ಓದಲೇ ಇಲ್ಲ

"ಸಿಂದಗಿ ಕಲ್ಮೇಶ ಅಂದ್ರ ನೀವೇನ್ರಿ? ಲಿಂಬಿ ಕಜ್ಜಿ ರೋಗ ಯಾಕ ಮುಚ್ಚಿಟ್ಟೀರಿ?"

ಹೋದ ತಿಂಗಳು, ಮೊದಲ ಭೇಟಿಯಲ್ಲೇ, ತುಂಬಿದ ಸಭೆಯಲ್ಲಿ ಜಯಮಾಲಾ ಸಿಡಿದಿದ್ದಳು!

ಅವಳದು ಇಂಡಿ ಪಟ್ಟಣದ ರೈತ ಸಹಾಯವಾಣಿ ಕಚೇರಿ. ಸಿಂದಗಿಯಿಂದ ಕಲ್ಮೇಶ ರೈತರ ಕರೆಗಳನ್ನು ಟೈಪ್ ಮಾಡಿ ದಿನಕ್ಕೊಂದು ಫೈಲ್ ಕಳಿಸುತ್ತಿದ್ದ. ಅದರಲ್ಲಿ 'ಕಜ್ಜಿ' ಎಷ್ಟು ಸಲ ಬಂದಿದೆ ಎಂದು ಅವಳೇ ಬರೆದ ಪುಟ್ಟ ಪ್ರೋಗ್ರಾಂ, ಪರ್ಲ್ ಸ್ಕ್ರಿಪ್ಟ್, ಎಣಿಸುತ್ತಿತ್ತು. ಆ ದಿನ ಮುದ್ದೇಬಿಹಾಳದ ಫೈಲಿನಲ್ಲಿ ನಲವತ್ತು, ಸಿಂದಗಿಯದರಲ್ಲಿ ಬರೀ ಒಂಬತ್ತು!

"ಇದ್ದದ್ದನ್ನ ಬರ್ದೇನ್ರಿ ಮೇಡಂ. ಒಮ್ಮೆ ಓದಿ ನೋಡ್ರಿ..."

"ಕಂಪ್ಯೂಟರ್ ಸುಳ್ಳ ಹೇಳಂಗಿಲ್ರಿ!"

ಅವನ ಮುಖ ಬಾಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!

ಇಂದು ಅವನ ಕೊನೆಯ ಫೈಲ್ ಬಂತು. ಸಂಜೆಗೆ ಕೆಲಸ ಬಿಡುತ್ತಾನಂತೆ.

ಜಯಮಾಲಾಳಿಗೆ ಯಾಕೋ ಕಸಿವಿಸಿ. ಮೊದಲ ಸಲ ಫೈಲ್ ತೆರೆದು ಓದಿದಳು.

'ಕಾಳಪ್ಪನ ತ್ವಾಟಕ್ಕ ಕಜ್ಜಿ, ಚಂದವ್ವನ ಗಿಡಕ್ಕ ಕಜ್ಜಿ, ಮಾಳಿಂಗಪ್ಪನ ಕಾಯಿಗೆ ಕಜ್ಜಿ...'

ಅಯ್ಯೋ ದೇವರೇ! ಒಂದೂರಿನ ಕರೆಗಳನ್ನೆಲ್ಲ ಎಂಟರ್ ಒತ್ತದೆ ಒಂದೇ ಸಾಲಿಗೆ ತುಂಬಿದ್ದ ಪುಣ್ಯಾತ್ಮ. ಅವಳ ಸ್ಕ್ರಿಪ್ಟೋ, ಒಂದು ಸಾಲಿನಲ್ಲಿ ಎಷ್ಟು ಸಲ ಬಂದರೂ ಒಂದೇ ಎಣಿಕೆ! ಸ್ಕ್ರಿಪ್ಟ್ ತಿದ್ದಿ, ಆ ಒಂಬತ್ತು ಬಂದ ಫೈಲನ್ನೇ ಮತ್ತೆ ಎಣಿಸಿದಳು. ನಲವತ್ಮೂರು!

ತಪ್ಪು ತನ್ನದೇ...

ಫೈಲಿನ ಕೊನೆಗೆ ಇನ್ನೊಂದು ಸಾಲಿತ್ತು. 'ಜಯಮಾಲಾ ಮೇಡಂ, ಊಟ ಆತೇನ್ರಿ?'

ನಿನ್ನೆಯದರಲ್ಲೂ ಅದೇ. ಅವನ ಎಲ್ಲ ಫೈಲುಗಳಲ್ಲೂ ಎಣಿಸಲು ಆ ಪ್ರಶ್ನೆಯನ್ನೇ ಸ್ಕ್ರಿಪ್ಟಿಗೆ ಕೊಟ್ಟಳು. ನೂರಾ ನಲವತ್ಮೂರು ಫೈಲು, ನೂರಾ ನಲವತ್ಮೂರು ಸಲ! ಬೈಸಿಕೊಂಡ ದಿನವೂ ಕೇಳಿದ್ದ.

ಅವ್ವ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಲ್ಲಿ 'ಉಂಡ್ಯಾ?' ಎಂದು ಕೇಳುವವರಿಲ್ಲ ಅಂತ ಎಷ್ಟು ಅತ್ತಿದ್ದಳು! ಕೇಳುವವನು ದಿನಾ ಕೇಳುತ್ತಲೇ ಇದ್ದ...

ಸಿಂದಗಿ ಬಸ್ಸು ಹಿಡಿದಳು.

ಅಲ್ಲಿಯ ಕಚೇರಿಯಿಂದ ಕಲ್ಮೇಶ ಚೀಲ ಹೆಗಲಿಗೇರಿಸಿ ಹೊರಟಿದ್ದ. "ಮೇಡಂ... ನೀವಿಲ್ಲಿ?"

"ತಪ್ಪ ನಂದ್ರಿ. ಎಲ್ಲಾರ ಮುಂದ ಅಂದೇನಿ, ಎಲ್ಲಾರ ಮುಂದನ ತಪ್ಪಾತು ಅಂತೇನಿ. ಹೋಗಬ್ಯಾಡ್ರಿ..."

ಅವನು ಹೆಗಲ ಮೇಲಿನ ಚೀಲ ಸರಿಮಾಡಿಕೊಂಡ.

"ಎಲ್ಲಾ ಫೈಲ್ ನೋಡಿದ್ನಿರಿ," ಎಂದಳು. "ಊಟ ಆಗಿರಲಿಲ್ರಿ... ಒಬ್ಬಾಕಿಗೆ ಒಲಿ ಹಚ್ಚಾಕ ಮನಸ್ಸ ಬರೂದಿಲ್ಲ."

"ಇವತ್ತ?"

"ಇವತ್ತೂ ಇಲ್ಲ. ಇನ್ನ ಫೈಲಿನ್ಯಾಗ ಬರೀಬ್ಯಾಡ್ರಿ. ಎದುರಿಗೆ ಕುಂತು ಕೇಳ್ರಿ... ಜೀವ ಇರೂತನಕ."

ಕಲ್ಮೇಶ ಚೀಲ ಕೆಳಗಿಟ್ಟ. ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಅವಳ ಕೈಗಿಟ್ಟ.

"ಎಷ್ಟ ರೊಟ್ಟಿ ತಂದೀರಿ?"

"ಎಣಸಬ್ಯಾಡ್ರಿ," ಎಂದ ಕಣ್ಣೊರೆಸಿಕೊಳ್ಳುತ್ತ. "ಉಣ್ರಿ."