ಹದಿನೇಳನೇ ಮಿಷನ್ನಿನ ಅಂಗೈ

"ಯಾರದು ಒಳಗೆ? ಗೇಟ್ ಪಾಸ್ ಐತೇನ್ರಿ?"

ಶಾಂತಲಾಳ ಕೈಯಿಂದ ಕ್ಯಾಮೆರಾ ಜಾರಿತು. ಕೊರಳಿಗೆ ಪಟ್ಟಿ ಇಲ್ಲದಿದ್ದರೆ ಅದರ ಕಥೆ ಅಲ್ಲೇ ಮುಗಿಯುತ್ತಿತ್ತು. ಗಾಬರಿಯಿಂದ ತಿರುಗಿದವಳಿಗೆ ಕಂಡದ್ದು ವಾಚ್‌ಮನ್ ಗುರುಸ್ವಾಮಿ ಅಲ್ಲ. ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ ನಾನು.

"ಜೀವ ಹೋಗಿತ್ತು ನಂದು. ಇದೇ ಕೊನೆ, ಪ್ರವೀಣ್. ಇನ್ನೊಂದ್ಸಲ ಇಲ್ಲಿ ಇಂಥದ್ದು ಮಾಡಿದ್ರೆ ನಾನೊಬ್ಳೇ ಹೋಗ್ತೀನಿ."

"ಗುರುಸ್ವಾಮಿ ದನಿ ಹೆಂಗೆ ಬಂತು, ಅದನ್ನಾದ್ರೂ ಹೇಳ್ರಿ."

"ಅವ್ರ ಕೆಮ್ಮು ಮರ್ತಿದ್ರಿ," ಎಂದಳು. ನಗು ತಡೆದುಕೊಂಡಳು. ಅವಳು ನಗು ತಡೆಯುವಾಗ ಎಡಗೆನ್ನೆ ಮಾತ್ರ ಮೋಸ ಮಾಡುತ್ತದೆ.

ನಾನು ಪ್ರವೀಣ್ ಕುಮಾರ್, ಊರು ಸಂತೇಬೆನ್ನೂರು. ಹೊನ್ನಾಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅಂದರೆ ಯಾವತ್ತು ಬೇಕಾದರೂ ಎದ್ದು ಹೋಗಿ ಅನ್ನಿಸಿಕೊಳ್ಳಬಹುದಾದ ಅತಿಥಿ. ಬಿಡುವಿನಲ್ಲಿ ಮಿಮಿಕ್ರಿ. ಶಾಂತಲಾ ಬಿಳಿಚೋಡಿನವಳು, ಮದುವೆಗಳ ಫೋಟೋ ತೆಗೆಯುತ್ತಾಳೆ. ಹೋದ ವರ್ಷ ಬಸವಾಪಟ್ಟಣದ ಒಂದು ಮದುವೆಯಲ್ಲಿ ನನ್ನ ಕೈಗೆ ಮೈಕು ಸಿಕ್ಕಿತ್ತು, ನಾನು ಅವಳ ಕ್ಯಾಮೆರಾಕ್ಕೆ ಸಿಕ್ಕಿದ್ದೆ.

ಅಲ್ಲಿಂದೀಚೆಗೆ ಮೂರು ಸಲ ನನ್ನ ಮನಸ್ಸು ಹೇಳಿಕೊಂಡಿದ್ದೆ. ಒಮ್ಮೆ ಬಸ್ ಕಂಡಕ್ಟರ್ ದನಿಯಲ್ಲಿ, ಒಮ್ಮೆ ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ, ಒಮ್ಮೆ ರೇಡಿಯೋದ ಪೇಟೆ ಧಾರಣೆ ಓದುವವರ ದನಿಯಲ್ಲಿ. ಮೂರು ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರನೇ ಸಲ ನಗು ನಿಲ್ಲಿಸಿ ಕೇಳಿದ್ದಳು: "ನಿಮ್ದು ಅಂತ ಒಂದು ದನಿ ಐತೇನ್ರಿ? ಅದ್ರಲ್ಲಿ ಹೇಳಿದ ದಿನ ಉತ್ತರ ಕೊಡ್ತೀನಿ."

ಇವತ್ತು ಹೇಳಲೇಬೇಕೆಂದು ಬಂದಿದ್ದೆ. ಅವಳು ಬಂದಿದ್ದು ಬೇರೆ ಕಾರಣಕ್ಕೆ.

ಜಗಳೂರಿನ ದಾರಿಯಲ್ಲಿರುವ ಈ ಹತ್ತಿ ಮಿಲ್ಲು ನಿಂತು ಇಪ್ಪತ್ತು ವರ್ಷಗಳಾಗಿವೆ. ನಾಳೆ ಬೆಳಿಗ್ಗೆ ಗುಜರಿಯವರ ಲಾರಿ ಬರುತ್ತದೆ. ಅವಳ ಅಪ್ಪ ಅಂಜಿನಪ್ಪನವರು ಇಲ್ಲಿ ಮೇಲಂತಸ್ತಿನ ಹದಿನೇಳನೇ ಮಿಷನ್ನಿನಲ್ಲಿ ನೂಲು ತೆಗೆದವರು. ಆಯುಧಪೂಜೆಯ ದಿನ ಮಾತ್ರ ಹೆಂಡತಿ ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ಏಳು ತಿಂಗಳ ಶಾಂತಲಾಳ ಅಂಗೈಯನ್ನು ಕೆಂಪು ಬಣ್ಣದಲ್ಲಿ ಅದ್ದಿ, ಅಪ್ಪ ಆ ಮಿಷನ್ನಿನ ಮೈಗೆ ಒತ್ತಿಸಿದ್ದರು. ಈಗ ಅವರಿಗೆ ಮೆಟ್ಟಿಲು ಹತ್ತಲಾಗದು. ಮಿಷನ್ನುಗಳ ಸದ್ದಿಗೆ ಕಿವಿಯೂ ಹೋಗಿದೆ. ಅವರು ಮಗಳನ್ನು ಕೇಳಿದ್ದು ಒಂದೇ: ಲಾರಿ ಬರುವ ಮೊದಲು ಆ ಅಂಗೈಯ ಫೋಟೋ.

ಗುರುಸ್ವಾಮಿ ನಾಲ್ಕು ಗಂಟೆಯವರೆಗೆ ಬಿಟ್ಟಿದ್ದರು. ಆಗಲೇ ಮೂರೂಕಾಲು.

ಕೆಳಗಿನ ಹಾಲ್‌ನ ಫೋಟೋ ತೆಗೆಯುತ್ತ ಅವಳು ನನಗೆ ಮಿಲ್ಲಿನ ಭಾಷೆ ಕಲಿಸಿದಳು. ಆ ಸದ್ದಿನಲ್ಲಿ ಬಾಯಿ ಉಪಯೋಗಕ್ಕೆ ಬರುತ್ತಿರಲಿಲ್ಲ, ಎಲ್ಲವೂ ಕೈಸನ್ನೆ. ಅವರ ಮನೆಯಲ್ಲಿ ಇವತ್ತಿಗೂ ಅದೇ. ಹೆಬ್ಬೆರಳು ತುಟಿಗೆ ಒಯ್ದರೆ ಚಹಾ. ಮುಷ್ಟಿಯ ಮೇಲೆ ಮುಷ್ಟಿ ಇಟ್ಟರೆ ನೂಲು ಸುತ್ತುವ ಬಾಬಿನ್ ತುಂಬಿದೆ. ಎರಡು ಕೈಯಲ್ಲಿ ದಾರ ಹಿಡಿದಂತೆ ಮಾಡಿ, ಥಟ್ಟನೆ ಬಿಡಿಸಿ, ಅಂಗೈ ಮುಂದೆ ಚಾಚಿದರೆ ದಾರ ಕಡಿದಿದೆ, ಇದ್ದಲ್ಲೇ ನಿಲ್ಲಿಸು.

"ಇದನ್ನ ತಮಾಷೆಗೆ ಮಾಡಂಗಿಲ್ಲ. ಯಾರೋ ಒಬ್ಬ ಮಾಡಿದ್ದಕ್ಕೆ ತಿಂಗಳುಗಟ್ಟಲೆ ಅವನ ಜೊತೆ ಯಾರೂ ಬುತ್ತಿ ಬಿಚ್ಚಲಿಲ್ವಂತೆ."

"ಮೂರಾತು. ನಾಲ್ಕನೇದು ಐತೇನ್ರಿ?"

"ಐತೆ. 'ನೀನು ಹೋಗಿ ಬಾ, ನಿನ್ನ ಮಿಷನ್ ನಾನು ನೋಡ್ಕಳ್ತೀನಿ' ಅಂತ. ಅಪ್ಪ ಅದನ್ನ ಮೊದಲು ತೋರ್ಸಿದ್ದು ಆಗ ಪಕ್ಕದ ಮಿಷನ್ನಿನಲ್ಲಿ ಕೆಲಸಕ್ಕಿದ್ದ ನಮ್ಮವ್ವಗೆ. ಆಮೇಲೆ ಮದುವೆ ಆಯ್ತು."

"ತೋರಿಸ್ರಿ ಮತ್ತೆ."

"ಅಷ್ಟು ಸಲೀಸಾ?" ಎಂದು ಓರೆಗಣ್ಣಲ್ಲಿ ನೋಡಿ, ಮೆಟ್ಟಿಲು ಹತ್ತಿ ಹೋದಳು. ಟ್ರೈಪಾಡ್ ತರಲು ನಾನು ಕೆಳಗುಳಿದೆ.

ಹಿಂದೆ ಮಿಷನ್ನುಗಳ ಬೆಲ್ಟು ಹಾಯುತ್ತಿದ್ದ ದೊಡ್ಡ ಕಿಂಡಿಯೊಂದು ಮಾಳಿಗೆಯ ನೆಲದಲ್ಲಿತ್ತು. ಟ್ರೈಪಾಡ್ ಎತ್ತಿಕೊಂಡು ಅದರಡಿ ಬಂದವನು ಮೇಲೆ ನೋಡಿದೆ. ಅವಳು ಹಲಗೆಗಳ ಮೇಲೆ ನಡೆಯುತ್ತಿದ್ದಳು. ಅವಳಿಗೆ ಕಾಣದ್ದು ನನಗೆ ಕಾಣುತ್ತಿತ್ತು: ಅವಳು ಮುಂದಿಡಲಿದ್ದ ಹೆಜ್ಜೆಯ ಕೆಳಗಿನ ತೊಲೆಯನ್ನು ಗೆದ್ದಲು ತಿಂದು ಬರೀ ಸಿಪ್ಪೆ ಉಳಿಸಿತ್ತು. ಹಲಗೆ ತೊಟ್ಟಿಲಿನಂತೆ ಜೋಲಿತ್ತು. ಕೆಳಗೆ ಇಪ್ಪತ್ತು ಅಡಿ, ಕಬ್ಬಿಣದ ರಾಶಿ.

"ಶಾಂತಲಾ, ನಿಲ್ಲ್ರಿ. ಹಲಗೆ ಮುರಿಯುತ್ತೆ."

"ಈಗ ಯಾರ ದನಿ ಇದು? ಮ್ಯಾನೇಜರಂದಾ?"

"ನಂದೇ. ದೇವ್ರಾಣೆ ನಂದೇ."

"ಚೆನ್ನಾಗೈತೆ, ನಡುಕ ಎಲ್ಲಾ ಹಾಕ್ಬಿಟ್ಟೀರಿ," ಎನ್ನುತ್ತ ಕಾಲು ಮುಂದೆ ಎತ್ತಿದಳು.

ನನ್ನ ಇಪ್ಪತ್ತೆಂಟು ವರ್ಷಗಳಲ್ಲಿ ಅರವತ್ತು ಜನರ ದನಿ ಕದ್ದಿದ್ದೆ. ಬೇಕಾದ ಹೊತ್ತಿಗೆ ನನ್ನದನ್ನೇ ಯಾರೂ ನಂಬದಂತೆ ಮಾಡಿಟ್ಟುಕೊಂಡಿದ್ದೆ. ಟ್ರೈಪಾಡನ್ನು ಕಬ್ಬಿಣದ ಮೇಲೆ ಬಿಸಾಡಿದೆ. ಆ ಸದ್ದಿಗೆ ಬೈಯಲೆಂದೇ ಕಿಂಡಿಯಲ್ಲಿ ಬಗ್ಗಿ ನೋಡಿದಳು.

ಎರಡೂ ಕೈ ಎತ್ತಿದೆ. ಇಲ್ಲದ ದಾರ ಹಿಡಿದೆ. ಕಡಿದೆ. ಅಂಗೈ ಚಾಚಿದೆ.

ಅವಳ ಕಾಲು ಗಾಳಿಯಲ್ಲೇ ನಿಂತಿತು. ಮುಖದ ನಗೆ ಆರಿತು. ಕಾಲನ್ನು ಹಿಂದಕ್ಕೆಳೆದು, ಒಂದೊಂದೇ ಹೆಜ್ಜೆ ಗೋಡೆಗೆ ಸರಿದಳು. ಅವಳ ಬೆನ್ನು ಗೋಡೆಗೆ ತಾಗುವ ಹೊತ್ತಿಗೆ ಹಲಗೆ ಮುರಿದು, ನನ್ನ ಮುಂದೆ ಮೂರು ಮಾರು ದೂರದಲ್ಲಿ ಬಿತ್ತು. ಧೂಳು, ಪಾರಿವಾಳ, ಹಳೆಯ ಹತ್ತಿಯ ಎಳೆಗಳು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಗಟ್ಟಿಯಾಗಿದ್ದ ಗೋಡೆಯ ಅಂಚು ಹಿಡಿದು ಅವಳ ಪಕ್ಕ ಹೋಗಿ ನಿಂತೆ. ಯಾರ ಕೈ ಯಾರನ್ನು ಹಿಡಿದಿತ್ತೆಂದು ಇಬ್ಬರೂ ವಿಚಾರಿಸಲಿಲ್ಲ.

ಹದಿನೇಳನೇ ಮಿಷನ್ನು ಹಲಗೆ ಮುರಿದು ಬಿದ್ದ ಜಾಗದಾಚೆ ಇತ್ತು. ಅವಳು ಜೂಮ್ ಹಾಕಿದಳು. ನಾನು ಅವಳ ಭುಜ ಅಲುಗದಂತೆ ಹಿಡಿದೆ. ಪರದೆಯ ಮೇಲೆ ತುಕ್ಕಿನ ನಡುವೆ ಬಿಲ್ಲೆಯಗಲದ ಕೆಂಪು ಅಂಗೈ. ಕಿರುಬೆರಳು ಮಾತ್ರ ಇಲ್ಲ.

"ಅವತ್ತು ಒತ್ತುವಾಗ ನಾನು ಕೈ ಎಳ್ಕಂಡಿದ್ನಂತೆ," ಎಂದಳು. ಕಣ್ಣು ತುಂಬಿತ್ತು.

"ಇವತ್ತು ಎಳ್ಕಬೇಡ್ರಿ. ನನಗೆ ನೀವು ಬೇಕು, ಶಾಂತಲಾ. ಅಷ್ಟೇ, ಬೇರೆ ಏನೂ ಬರಲ್ಲ ಹೇಳಾಕೆ."

ದನಿ ಒಡೆದಿತ್ತು, ಕೀರಲಾಗಿತ್ತು. ವೇದಿಕೆಯ ಮೇಲಾಗಿದ್ದರೆ ಜನ ಕೂಗಿ ಇಳಿಸುತ್ತಿದ್ದರು.

ಅವಳು ಕ್ಯಾಮೆರಾ ಇಳಿಸಿದಳು. "ಇದಾ ನಿಮ್ಮ ದನಿ?"

"ಇದೇ. ಚೆನ್ನಾಗಿಲ್ಲ."

ಉತ್ತರ ಬರುವ ಮೊದಲೇ ಕೆಳಗಿನಿಂದ ಕೇಳಿಸಿತು: "ನಾಲ್ಕಾತು, ಇಳೀರಿ. ಏನ್ರಿ ಅದು ಸದ್ದು?"

"ಪ್ರವೀಣ್, ಈಗ್ಲೂನಾ," ಎಂದಳು.

"ನಾನಲ್ಲ."

ಕೆಳಗೆ ಗುರುಸ್ವಾಮಿ ಕೆಮ್ಮಿದರು. ಅವಳ ಎಡಗೆನ್ನೆ ಮೋಸ ಮಾಡಿತು.

ಕೆಳಗಿಳಿದು ಹೊರಡುವಾಗ ಬಾಗಿಲ ಬಳಿ ಅವಳು ತಿರುಗಿ ನಿಂತಳು. ಬಲ ಅಂಗೈಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅದೇ ಅಂಗೈಯನ್ನು ತಂದು, ಐದೂ ಬೆರಳು ತಾಗುವಂತೆ, ನನ್ನ ಎದೆಯ ಮೇಲಿಟ್ಟಳು.

ನನಗೆ ಕಲಿಸಿರದ ಆ ನಾಲ್ಕನೇ ಸನ್ನೆ. ಅರ್ಥ ಕೇಳಬೇಕಿರಲಿಲ್ಲ.